ಸ್ವಿಟ್ಜರ್ಲೆಂಡಿನಲ್ಲಿ ಸಸ್ಯಾಹಾರಿಗಳಿಗೆ ಅಲ್ಲಿಯದೇ ಊಟ ಏನಿದೆ?

ಪ್ರಶ್ನೆ: ನಾವು ಮನೆಮಂದಿಯೆಲ್ಲ ಸಸ್ಯಾಹಾರಿಗಳು. ಸ್ವಿಟ್ಜರ್ಲೆಂಡಿಗೆ ಹೋಗ್ತಿದ್ದೇವೆ. ಅಲ್ಲಿಗೂ ಹೋಗಿ ಇಂಡಿಯನ್ ಹೋಟೆಲ್ ಹುಡುಕೋಕೆ ಮನಸ್ಸಿಲ್ಲ. ಫಾಂಡ್ಯೂ (ಬ್ರೆಡ್ ಅದ್ದಿ ತಿನ್ನುವ ಕರಗಿಸಿದ ಚೀಸ್), ಚಾಕೊಲೇಟ್ ಬಿಟ್ಟು ಏನು ತಿನ್ನಬಹುದು?

ಉತ್ತರ: ಬೇಕಾದಷ್ಟಿದೆ. ಆದರೆ ಅಲ್ಲಿ ನಮ್ಮ ರಾಜ್ಯಗಳ ಹಾಗಿರುವ 26 ಕ್ಯಾಂಟನ್‌ಗಳಿವೆ, ಕಣಿವೆ ದಾಟಿದರೆ ಅಡುಗೆಯೇ ಬೇರೆ. ಹೋದ ಊರಿನದನ್ನೇ ಕೇಳಿ ತಿನ್ನಿ.

ನನ್ನ ಮೊದಲ ಆಯ್ಕೆ ಗ್ರೌಬ್ಯುಂಡನ್ ಕಡೆಯ ಮಾಲುನ್ಸ್. ಹಿಂದಿನ ದಿನ ಬೇಯಿಸಿಟ್ಟ ಆಲೂಗಡ್ಡೆಯನ್ನು ತುರಿದು, ಗೋಧಿ ಹಿಟ್ಟು ಬೆರೆಸಿ, ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯುತ್ತಾರೆ. ಅರ್ಧ ಗಂಟೆಗೂ ಜಾಸ್ತಿ ಕೈ ಬಿಡದೆ ತಿರುವಬೇಕು. ಆಗ ಅದು ಉದುರುದುರು ಉಪ್ಪಿಟ್ಟಿನ ಹಾಗೆ ಹೊಂಬಣ್ಣಕ್ಕೆ ಬರುತ್ತದೆ. ಜೊತೆಗೆ ಬೇಯಿಸಿ ಅರೆದ ಸೇಬು, ಹಾಲು ಹಾಕಿದ ಕಾಫಿ. ಬಡ ರೈತರ ಊಟ ಇದು, ತುಂಬಾ ರುಚಿ. ಅದೇ ಕಡೆಯ ಕಾಪುನ್ಸ್ ನೋಡಲು ಬರೀ ಸೊಪ್ಪಿನ ಸುರುಳಿ, ಆದರೆ ಒಳಗೆ ಸಾಮಾನ್ಯವಾಗಿ ಒಣಮಾಂಸ ಇರುತ್ತದೆ. ಎಚ್ಚರ.

ಚೀಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಫಾಂಡ್ಯೂನಲ್ಲಿ ವೈನ್ ಕೂಡ ಇರುತ್ತದೆ. ಇದು ಆಗದವರಿಗೆ ಗ್ಲಾರುಸ್‌ನ ಶಾಬ್‌ಝೀಗರ್ ಇದೆ. ಕೆನೆ ತೆಗೆದ ಹಾಲನ್ನು ಕಾಯಿಸಿ, ಹುಳಿಯಿಂದ ಒಡೆದು ಮಾಡುವ ಹಸಿರು ಚೀಸ್ ಅದು. ಅದರ ಹಸಿರು, ಘಾಟು ಎರಡೂ ನಮ್ಮ ಮೆಂತ್ಯದ ಹತ್ತಿರದ ನೆಂಟನಾದ ಒಂದು ಸೊಪ್ಪಿನಿಂದ ಬರುತ್ತವೆ. ಅದನ್ನು ಹೇಗೆ ಮಾಡಬೇಕು, ಮುದ್ರೆ ಹೇಗೆ ಒತ್ತಬೇಕು ಅಂತ ಗ್ಲಾರುಸ್‌ನ ಜನಸಭೆ 1463ರಲ್ಲೇ ಕಟ್ಟಳೆ ಮಾಡಿತ್ತು! ಪುಟ್ಟ ಗೋಪುರದ ಆಕಾರದಲ್ಲಿ ಮಾರುತ್ತಾರೆ. ಸುಮ್ನೆ ಕಚ್ಚಿ ತಿನ್ನಬೇಡಿ, ಘಾಟು ಜಾಸ್ತಿ. ಬೆಣ್ಣೆ ಸವರಿದ ಬ್ರೆಡ್ ಮೇಲೋ ಬಿಸಿ ಆಲೂಗಡ್ಡೆ ಮೇಲೋ ತುರಿದುಕೊಳ್ಳಿ.

ದಕ್ಷಿಣದ ಟಿಚೀನೋಗೆ ಹೋದರೆ ‘ಗ್ರೊಟ್ಟೊ’ ಅನ್ನುವ ಹಳ್ಳಿ ಹೋಟೆಲ್‌ಗಳಲ್ಲಿ ಪೊಲೆಂಟಾ ಸಿಗುತ್ತದೆ. ಮೆಕ್ಕೆಜೋಳದ ಹಿಟ್ಟನ್ನು ನಿಧಾನವಾಗಿ ಕುದಿಸಿ ಮಾಡಿದ್ದು. ಅಣಬೆಯ ಜೊತೆ ಕೇಳಿ, ಮಾಂಸದ ಸಾರು ಹಾಕಿಲ್ಲ ತಾನೇ ಅಂತಲೂ ವಿಚಾರಿಸಿ. ತುರಿದ ಆಲೂಗಡ್ಡೆಯನ್ನು ದೋಸೆಯಂತೆ ಹುರಿದ ಬರ್ನ್ ಕಡೆಯ ರ್‍ಯೋಸ್ಟಿ, ಆಲ್ಪ್ಸ್‌ನ ದನಗಾಹಿಗಳ ಮ್ಯಾಕರೋನಿ ಎರಡೂ ಚೆನ್ನ. ಆದರೆ ಹಂದಿಮಾಂಸದ ಚೂರು ಹಾಕುವುದುಂಟು. ‘ಓನೆ ಶ್ಪೆಕ್’ ಅನ್ನಿ, ಅದಿಲ್ಲದೆ ಕೊಡುತ್ತಾರೆ.

ಮೊಟ್ಟೆ ತಿನ್ನುವವರಾದರೆ ಎಂಗಡೀನ್ ಕಣಿವೆಯ ನುಸ್‌ಟೋರ್ಟೆ ಬಿಡಬೇಡಿ. ಸಕ್ಕರೆ ಪಾಕ, ಕೆನೆ, ಅಕ್ರೋಟು ತುಂಬಿ ಓವನ್ನಿನಲ್ಲಿ ಬೇಯಿಸಿದ ಪೈ ಇದು. ವಾರಗಟ್ಟಲೆ ಕೆಡುವುದಿಲ್ಲ, ರೈಲಿನ ಪ್ರಯಾಣಕ್ಕೆ ಚೀಲದಲ್ಲಿಟ್ಟುಕೊಳ್ಳಬಹುದು.