ಅದೇ ಕಾಯಿಲೆ, ಅದೇ ತೂಕ: ನನ್ನ ಮಗನಿಗೆ ಮಾತ್ರ ಅರ್ಧ ಮಾತ್ರೆ ಏಕೆ?

ಪ್ರಶ್ನೆ: ನನ್ನ ಮಗನಿಗೆ ಎಎಲ್‌ಎಲ್ ಎಂಬ ರಕ್ತ ಕ್ಯಾನ್ಸರ್. ಪಕ್ಕದ ಹಾಸಿಗೆಯ, ಅವನಷ್ಟೇ ತೂಕದ ಮಗುವಿಗೆ ದಿನಕ್ಕೊಂದು 6-ಎಂಪಿ ಮಾತ್ರೆ. ಜೀನ್ ಪರೀಕ್ಷೆಯಾದ ಮೇಲೆ ನಮ್ಮವನಿಗೆ ಅರ್ಧ ಮಾತ್ರ ಕೊಡುತ್ತಿದ್ದಾರೆ. ಔಷಧ ಸಾಲದೆ ಕಾಯಿಲೆ ಮರಳುವುದಿಲ್ಲವೇ?

ಉತ್ತರ: ಅರ್ಧ ಮಾತ್ರೆ ಎಂದರೆ ಅರ್ಧ ಚಿಕಿತ್ಸೆಯಲ್ಲ. ನುಂಗಿದ್ದೆಷ್ಟು ಎಂಬುದಕ್ಕಿಂತ ಜೀವಕೋಶದೊಳಗೆ ಉಳಿದದ್ದೆಷ್ಟು ಎಂಬುದೇ ಇಲ್ಲಿ ಮುಖ್ಯ. ಪಕ್ಕದ ಮಗುವಿಗೆ ಇಡೀ ಮಾತ್ರೆಯಿಂದ ಸಿಗುವ ಪರಿಣಾಮ ನಿಮ್ಮ ಮಗನಿಗೆ ಅರ್ಧದಿಂದಲೇ ಸಿಗಬಹುದು.

6-ಎಂಪಿ, ಅಂದರೆ ಮರ್ಕ್ಯಾಪ್ಟೊಪ್ಯೂರಿನ್, ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ, 1953ರಿಂದ ಬಳಕೆಯಲ್ಲಿರುವ ಔಷಧ. ಅದು ದೇಹದೊಳಗೆ ರೂಪ ಬದಲಿಸಿ, ಡಿಎನ್‌ಎ ಕಟ್ಟುವ ಇಟ್ಟಿಗೆಗಳ ನಡುವೆ ಕಳ್ಳ ಇಟ್ಟಿಗೆಯಂತೆ ಸೇರಿಕೊಂಡು ಕ್ಯಾನ್ಸರ್ ಕೋಶವನ್ನು ಕೆಡವುತ್ತದೆ. ಆದರೆ ರಕ್ತ ತಯಾರಿಸುವ ಮೂಳೆಮಜ್ಜೆಗೂ ಅದರಿಂದ ಅಪಾಯವಿದೆ. ಔಷಧದ ಪರಿಣಾಮ ಮಿತಿ ಮೀರದಂತೆ ತಡೆಯುವ ಕಿಣ್ವಗಳಲ್ಲಿ ಎರಡು ಮುಖ್ಯ: ಟಿಪಿಎಂಟಿ ಮತ್ತು ಎನ್‌ಯುಡಿಟಿ15. ಇವು ಹುಟ್ಟಿನಿಂದಲೇ ದುರ್ಬಲವಾಗಿದ್ದರೆ ಔಷಧ ಕೋಶಗಳಲ್ಲಿ ಹೆಚ್ಚಾಗಿ ಉಳಿದು, ಬಿಳಿ ರಕ್ತಕಣಗಳು ಕುಸಿದು, ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು.

ಈ ಕಿಣ್ವ ತಯಾರಿಸುವ ಜೀನ್ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ದುರ್ಬಲವಾಗಿ ಬಂದಿದ್ದರೆ ಪ್ರಮಾಣವನ್ನು ಒಂದಷ್ಟು ತಗ್ಗಿಸಿದರೆ ಸಾಕಾಗಬಹುದು. ಇಬ್ಬರಿಂದಲೂ ಟಿಪಿಎಂಟಿ ದೋಷ ಬಂದಿದ್ದರೆ ಹತ್ತನೇ ಒಂದು ಭಾಗದಿಂದ, ಅದೂ ವಾರಕ್ಕೆ 3 ದಿನ ಮಾತ್ರ ಕೊಟ್ಟು ಆರಂಭಿಸಬೇಕಾಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಐರೋಪ್ಯರಲ್ಲಿ ಹೆಚ್ಚಾಗಿ ಕಾಣುವುದು ಟಿಪಿಎಂಟಿ ದೋಷ. ದಶಕಗಳ ಕಾಲ ವೈದ್ಯಲೋಕದ ಗಮನವೆಲ್ಲ ಅದರ ಮೇಲೆಯೇ ಇತ್ತು. ಎನ್‌ಯುಡಿಟಿ15ರ ಪಾತ್ರ ಬೆಳಕಿಗೆ ಬಂದದ್ದು 2014ರಲ್ಲಿ, ಕೊರಿಯಾದ ರೋಗಿಗಳ ಅಧ್ಯಯನದಿಂದ. ಭಾರತೀಯರಲ್ಲೂ ಟಿಪಿಎಂಟಿಗಿಂತ ಎನ್‌ಯುಡಿಟಿ15 ದೋಷವೇ ಹೆಚ್ಚು. ಹಾಗಾಗಿ 'ಟಿಪಿಎಂಟಿ ಸರಿಯಿದೆ' ಎಂಬ ವರದಿಯಷ್ಟಕ್ಕೇ ನಮ್ಮ ಮಕ್ಕಳ ವಿಷಯದಲ್ಲಿ ನಿಶ್ಚಿಂತರಾಗಬೇಡಿ; ಎರಡನ್ನೂ ನೋಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಜೀನ್ ವರದಿ ಆರಂಭದ ಪ್ರಮಾಣವನ್ನು ಸೂಚಿಸುತ್ತದೆ, ಅಷ್ಟೇ. ಮುಂದೆ ರಕ್ತಕಣಗಳ ಎಣಿಕೆ ನೋಡುತ್ತ ವೈದ್ಯರು ಅದನ್ನು ಏರಿಸಬಹುದು, ಇಳಿಸಬಹುದು. ಮರುಕಳಿಕೆಯ ಭಯದಿಂದ ನೀವಾಗಿಯೇ ಇನ್ನರ್ಧ ಮಾತ್ರೆ ಸೇರಿಸಬೇಡಿ. ಕೊಡಲು ಹೇಳಿದ ಅರ್ಧವನ್ನು ಒಂದು ದಿನವೂ ತಪ್ಪಿಸಬೇಡಿ. ಕಾಯಿಲೆ ಮರಳುವ ಅಪಾಯವನ್ನು ಹೆಚ್ಚಿಸುವುದು ಹಾಗೆ ತಪ್ಪುವ ಮಾತ್ರೆಗಳೇ.

ವರದಿಯನ್ನು ಜೋಪಾನವಾಗಿಡಿ. ಹುಟ್ಟಿನಿಂದ ಬಂದ ಈ ಜೀನ್ ಜೀವನಪರ್ಯಂತ ಬದಲಾಗುವುದಿಲ್ಲ; ಒಡಹುಟ್ಟಿದವರಲ್ಲೂ ಅದು ಇರಬಹುದು. ಇವನ ಅಣ್ಣತಮ್ಮಂದಿರಿಗೋ ಅಕ್ಕತಂಗಿಯರಿಗೋ ಮುಂದೆಂದಾದರೂ ಇದೇ ಗುಂಪಿನ ಅಜಥಯೋಪ್ರಿನ್ ಎಂಬ ಔಷಧ ಬೇಕಾಗಿ ಬಂದರೆ, ಆ ವೈದ್ಯರಿಗೆ ಮೊದಲು ಇದನ್ನು ತೋರಿಸಿ.