ತಿಂಗಳ ಹೊಟ್ಟೆನೋವಿಗೆ ಕಷಾಯ: ಕುಡಿಯುವ ಹೊತ್ತು ಯಾವುದು?

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್‌ಗೆ ಬರುವ ಕನ್ನಡದ ಮನೆಗಳ ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವಿಗೆ ಮನೆಮದ್ದು ಮಾಡದವರು ತೀರಾ ಕಡಿಮೆ. ಕರಾವಳಿಯವರು ಜೀರಿಗೆ-ಕೊತ್ತಂಬರಿ ಕಷಾಯ ಎನ್ನುತ್ತಾರೆ, ಕಲಬುರಗಿ-ವಿಜಯಪುರದವರು ಅಜವಾನದ ನೀರು ಎನ್ನುತ್ತಾರೆ, ಮೈಸೂರಿನವರು ಶುಂಠಿ-ಬೆಲ್ಲ. "ಡಾಕ್ಟ್ರೇ, ಇದರಿಂದ ನಿಜವಾಗ್ಲೂ ಗುಣ ಸಿಗುತ್ತಾ?" ಎಂದು ಕೇಳುತ್ತಾರೆ. ಕೆಲವದರಿಂದ ಖಂಡಿತ ಸಿಗುತ್ತದೆ. ಆದರೆ ಹೆಚ್ಚಿನವರು ಅದನ್ನು ಹೊತ್ತು ಮೀರಿದ ಮೇಲೆ ಕುಡಿಯುತ್ತಾರೆ.

ಮುಟ್ಟು ಶುರುವಾಗುವ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಜಾಸ್ತಿಯಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡುತ್ತದೆ. ಆಗ ಆ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ನೋವು ಬರುತ್ತದೆ. ಕೆಲವರಿಗೆ ಅದೇ ದಿನ ಭೇದಿ, ವಾಕರಿಕೆ, ತಲೆನೋವು ಆಗುವುದಕ್ಕೂ ಇದೇ ಕಾರಣ. ಮೊದಲ ಎರಡು ದಿನ ಇದರ ಜೋರು. ಬೆಳಿಗ್ಗೆ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತು ಹೋಗುವ ಹುಡುಗಿ ದಾದರ್ ಬರುವಷ್ಟರಲ್ಲಿ ಬೆವರಿ, ಬಾಗಿಲ ಹತ್ತಿರ ನೆಲದ ಮೇಲೇ ಕೂತುಬಿಟ್ಟಿರುತ್ತಾಳೆ. ಸಂಜೆ ಮನೆಗೆ ಬಂದ ಮೇಲೆ ಅಮ್ಮ ಕಷಾಯ ಕಾಯಿಸಿ ಕೊಡುತ್ತಾರೆ. ಅದು ಬೇಕಾಗಿದ್ದದ್ದು ಹಿಂದಿನ ರಾತ್ರಿ.

ಮನೆಮದ್ದುಗಳಲ್ಲಿ ನಾನು ಧೈರ್ಯವಾಗಿ ಹೇಳುವುದು ಒಣಶುಂಠಿ. ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ಅದು ಸ್ವಲ್ಪ ತಡೆಯುತ್ತದೆ. ಸಂಶೋಧನೆಗಳಲ್ಲಿ ದಿನಕ್ಕೆ 750ರಿಂದ 2,000 ಮಿಲಿಗ್ರಾಂ ಪುಡಿ ಕೊಟ್ಟಿದ್ದಾರೆ. ಮನೆಯ ಲೆಕ್ಕದಲ್ಲಿ ಅರ್ಧ ಟೀ ಚಮಚ ಸುಮಾರು ಒಂದು ಗ್ರಾಂ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ 'ಸುಂಠ' ಎಂದರೆ ಕೊಡುತ್ತಾರೆ. ತಾರೀಖು ಸರಿಯಾಗಿ ಬರುವವರು ಒಂದೆರಡು ದಿನ ಮೊದಲೇ ಶುರು ಮಾಡಿ, ಮುಟ್ಟಿನ ಮೂರನೇ ದಿನದವರೆಗೆ ಕುಡಿಯಿರಿ. ಬೆಳಿಗ್ಗೆ ಮತ್ತು ರಾತ್ರಿ, ಊಟ-ತಿಂಡಿ ಆದ ಮೇಲೆ, ಬಿಸಿನೀರಿಗೆ ಅರ್ಧರ್ಧ ಚಮಚ ಹಾಕಿ. ಬೆಲ್ಲ ಬೇಕಾದರೆ ಹಾಕಿಕೊಳ್ಳಿ. ಎದೆ ಉರಿಯುವವರಿಗೆ ಇದು ಒಗ್ಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಕೇಳದೆ ಮಾಡಬೇಡಿ.

ಓಮ, ಜೀರಿಗೆ ಹೊಟ್ಟೆ ಉಬ್ಬರಕ್ಕೆ ಚೆನ್ನ, ನೋವಿಗೆ ಅಷ್ಟಕ್ಕಷ್ಟೆ. ಬಡೆಸೋಪಿನಿಂದ ನೋವು ತಗ್ಗುತ್ತದೆ ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಒಂದು ಚಮಚ ಕುದಿಸಿ ಕುಡಿದರೆ ತೊಂದರೆಯಿಲ್ಲ, ಆದರೆ ಬಸುರಿರಬಹುದು ಎಂಬ ಅನುಮಾನ ಇದ್ದರೆ ಬೇಡ. ಎಳ್ಳುಂಡೆ ತಿನ್ನಿ, ಒಳ್ಳೆಯ ತಿಂಡಿ ಅದು. ನೋವಿನ ಮದ್ದು ಅಂದುಕೊಳ್ಳಬೇಡಿ. ಲೋಳೆಸರವನ್ನು ಮನೆಯಲ್ಲೇ ಕತ್ತರಿಸಿ ರಸ ಕುಡಿಯುವವರಿಗೆ ಮಾತ್ರ ಬೇಡವೇ ಬೇಡ ಎನ್ನುತ್ತೇನೆ. ಅದರ ಸಿಪ್ಪೆಯಡಿಯ ಹಳದಿ ಅಂಟು ಭೇದಿ ಮಾಡಿಸುತ್ತದೆ, ಹೊಟ್ಟೆ ಇನ್ನೂ ಹಿಂಡುತ್ತದೆ.

ಶುಂಠಿಗಿಂತ ಬೇಗ ಕೆಲಸ ಮಾಡುವುದು ಶಾಖ. ಹೊಟ್ಟೆಗೆ ಸುಮಾರು 40 ಡಿಗ್ರಿಯ ಬಿಸಿ ಹಿತವಾಗಿ ತಾಗುತ್ತಿದ್ದರೆ, ಎಷ್ಟೋ ಜನರಿಗೆ ಮಾತ್ರೆಯಷ್ಟೇ ಆರಾಮ ಸಿಗುತ್ತದೆ. ಹಾಟ್ ವಾಟರ್ ಬ್ಯಾಗಿಗೆ ಕುದಿಯುವ ನೀರು ಹಾಕಬೇಡಿ, ಟವೆಲ್ ಸುತ್ತಿ ಇಟ್ಟುಕೊಳ್ಳಿ. ಲೋಕಲ್‌ನಲ್ಲಿ ಓಡಾಡುವವರಿಗೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಹೀಟ್ ಪ್ಯಾಚ್ ಅನುಕೂಲ. ಒಳಬಟ್ಟೆಯ ಮೇಲೆ ಅಂಟಿಸಿಕೊಂಡರೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಉಳಿದ ದಿನಗಳಲ್ಲಿ ವಾರಕ್ಕೆ ಮೂರು ಸಲವಾದರೂ ಮುಕ್ಕಾಲು ಗಂಟೆ ನಡಿಗೆ, ಯೋಗ ಏನಾದರೂ ಮಾಡಿ. ಕೆಲವು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಮಾತ್ರೆ ಎಂದರೆ ಹೆದರಬೇಕಾಗಿಲ್ಲ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಎರಡೂ ಪ್ರೊಸ್ಟಾಗ್ಲಾಂಡಿನ್ ಅನ್ನೇ ತಡೆಯುವಂಥವು. ಏನಾದರೂ ತಿಂದು, ನೋವು ಶುರುವಾಗುತ್ತಿದ್ದಂತೆ ತಗೊಳ್ಳಬೇಕು. ಆಸ್ತಮಾ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಎಂದು 2023ರ ಕೊನೆಯಲ್ಲಿ ಔಷಧಗಳ ಗುಣಮಟ್ಟ ನೋಡಿಕೊಳ್ಳುವ ನಮ್ಮ ದೇಶದ ಫಾರ್ಮಕೋಪಿಯಾ ಆಯೋಗ ಎಚ್ಚರಿಸಿದೆ. ಮಾತ್ರೆ ತಗೊಂಡ ಮೇಲೆ ಜ್ವರ, ಮೈಮೇಲೆ ದದ್ದು ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಕಾಲೇಜು ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು. ಏನು ಕೇಳಿದರೂ "ಎಲ್ಲರಿಗೂ ಇರುವಷ್ಟೇ ನೋವು" ಎಂಬ ಉತ್ತರ. ಪರೀಕ್ಷೆಗೆ ಮಲಗಿಸಿದೆ. ಕಿಬ್ಬೊಟ್ಟೆಯ ಮೇಲೆ ಬಲೆ ಹಾಸಿದ ಹಾಗೆ ಕಂದು ಗೆರೆಗಳು. ತಿಂಗಳಾನುಗಟ್ಟಲೆ ಅದೇ ಜಾಗಕ್ಕೆ ಜೋರು ಶಾಖ ಕೊಟ್ಟರೆ ಚರ್ಮ ಹಾಗಾಗುತ್ತದೆ. ಮತ್ತೆ ಮೆಲ್ಲಗೆ ಕೇಳಿದೆ. ಮುಟ್ಟು ಮುಗಿದ ಮೇಲೂ ನೋವು, ಆ ದಿನಗಳಲ್ಲಿ ಸಂಡಾಸಿಗೆ ಹೋದರೂ ನೋವು. ಪ್ರತಿ ತಿಂಗಳೂ ಕಾಲೇಜು ತಪ್ಪುತ್ತಿತ್ತು. ಇದು ಎಂಡೊಮೆಟ್ರಿಯೋಸಿಸ್ ಇರಬಹುದಾದ ಲಕ್ಷಣ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಕಾಯಿಲೆ. ಮಕ್ಕಳಾಗುವ ವಯಸ್ಸಿನ ಹತ್ತು ಹೆಣ್ಣುಮಕ್ಕಳಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಕಷಾಯ ಇದಕ್ಕೆ ಸಾಲದು.

ಹಾಗೆಯೇ ವರ್ಷಗಟ್ಟಲೆ ಇಲ್ಲದ ನೋವು ಮೂವತ್ತರ ಮೇಲೆ ಹೊಸದಾಗಿ ಬಂದರೆ, ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಗಂಡನ ಜೊತೆ ಸೇರುವಾಗ ನೋವಿದ್ದರೆ ತೋರಿಸಿಕೊಳ್ಳಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ನೋವಿನ ಜೊತೆ ಜ್ವರ ಇದ್ದರೆ, ಅಥವಾ ಮುಟ್ಟು ತಪ್ಪಿ ಆಮೇಲೆ ನೋವು ಬಂದರೆ ಅದೇ ದಿನ ಬನ್ನಿ.

ಅಮ್ಮಂದಿರು ಮಗಳನ್ನು ಕರೆತರಲು ಹಿಂಜರಿಯುವುದೇಕೆ ಎಂದು ನನಗೆ ಗೊತ್ತು. "ಮದುವೆ ಆದ್ಮೇಲೆ ಸರಿಹೋಗುತ್ತೆ ಅಲ್ವಾ?" ಎನ್ನುತ್ತಾರೆ. ಅದರ ಹಿಂದೆ, ಮದುವೆಯಾಗದ ಹುಡುಗಿಗೆ ಒಳಗಿನ ಪರೀಕ್ಷೆ ಮಾಡಿಬಿಡುತ್ತಾರೆ ಎಂಬ ಭಯ ಇರುತ್ತದೆ. ಮಾಡುವುದಿಲ್ಲ ಅಮ್ಮ. ನೀರು ಕುಡಿಸಿ, ಮೂತ್ರಕೋಶ ತುಂಬಿದ ಮೇಲೆ ಹೊಟ್ಟೆಯ ಮೇಲಿಂದಲೇ ಸೋನೋಗ್ರಫಿ ಮಾಡುತ್ತೇವೆ. ತಿಂಗಳಲ್ಲಿ ಎರಡು ದಿನ ನೋವಿನ ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬುದೂ ಸುಳ್ಳು. ಇನ್ನೊಂದು ಮಾತು. ಸೋನೋಗ್ರಫಿ ನಾರ್ಮಲ್ ಬಂದಿದೆ ಎಂದು ಫೈಲ್ ಮುಚ್ಚಿಡಬೇಡಿ. ಎಂಡೊಮೆಟ್ರಿಯೋಸಿಸ್ ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ. ನೋವು ಹಾಗೇ ಇದ್ದರೆ ಮತ್ತೆ ಕರೆದುಕೊಂಡು ಬನ್ನಿ.