35ನೇ ಗೆಲುವು: ಕ್ಯಾವೆಂಡಿಶ್ ದಾಖಲೆಯ ಹಿಂದಿನ ದಾರಿ

2024ರ ಜುಲೈ 3ರಂದು ಫ್ರಾನ್ಸಿನ ಸ್ಯಾಂ-ವುಲ್ಬಾಸ್‌ನಲ್ಲಿ ಬ್ರಿಟನ್ನಿನ ಸೈಕಲ್ ಸವಾರ ಮಾರ್ಕ್ ಕ್ಯಾವೆಂಡಿಶ್ ಎಲ್ಲರಿಗಿಂತ ಮೊದಲು ಗೆರೆ ದಾಟಿದರು. ದಿನಕ್ಕೊಂದು ಹಂತದಂತೆ ಮೂರು ವಾರ ನಡೆಯುವ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನಲ್ಲಿ ಹಂತವೊಂದನ್ನು ಅವರು ಗೆದ್ದದ್ದು ಅದು 35ನೇ ಸಲ. 1975ರಿಂದ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಹೆಸರಲ್ಲಿದ್ದ 34ರ ದಾಖಲೆ ಮುರಿಯಿತು. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಚರ್ಚೆ ನನಗಂತೂ ವ್ಯರ್ಥ ಅನ್ನಿಸುತ್ತದೆ. ಮರ್ಕ್ಸ್ ಬೆಟ್ಟಗಳಲ್ಲೂ ಗೆದ್ದವರು, ಐದು ಸಲ ಇಡೀ ಟೂರನ್ನೇ ಗೆದ್ದವರು. ಕ್ಯಾವೆಂಡಿಶ್ ಅಪ್ಪಟ ಸ್ಪ್ರಿಂಟರ್, ಅಂದರೆ ಕೊನೆಯ ಗಳಿಗೆಯ ವೇಗದ ಓಟದಲ್ಲಿ ಗೆಲ್ಲುವವರು. ಅವರ ಆಟವೆಲ್ಲ ಕೊನೆಯ ಇನ್ನೂರು ಮುನ್ನೂರು ಮೀಟರ್‌ಗಳದ್ದು.

ಆ ಕೆಲವು ಸೆಕೆಂಡುಗಳು ಒಬ್ಬನಿಂದ ಆಗುವುದಲ್ಲ. ಸ್ಪ್ರಿಂಟ್‌ನ ವೇಗ ಗಂಟೆಗೆ 65-70 ಕಿ.ಮೀ. ಮುಟ್ಟುತ್ತದೆ. ಆ ವೇಗದಲ್ಲಿ ಗಾಳಿಯೇ ದೊಡ್ಡ ಎದುರಾಳಿ. ಹಾಗಾಗಿ ತಂಡದವರು ಸಾಲುಗಟ್ಟಿ ಒಬ್ಬರಾದ ಮೇಲೆ ಒಬ್ಬರು ಮುಂದೆ ನಿಂತು ಗಾಳಿ ಸೀಳುತ್ತಾರೆ, ಸುಸ್ತಾದವರು ಪಕ್ಕಕ್ಕೆ ಸರಿಯುತ್ತಾರೆ. ಕೊನೆಯ ಲೀಡ್‌ಔಟ್ ಸವಾರನ ಬೆನ್ನಿಂದ ಸ್ಪ್ರಿಂಟರ್ ಹೊರಗೆ ಚಿಮ್ಮುತ್ತಾನೆ. 1990ರ ದಶಕದಲ್ಲಿ ಇಟಲಿಯ ಮಾರಿಯೊ ಚಿಪೊಲಿನಿಯ ಸಯೆಕೊ ತಂಡ ಈ 'ರೈಲನ್ನು' ಹೆಸರುವಾಸಿ ಮಾಡಿತು. ಕ್ಯಾವೆಂಡಿಶ್ ಪಾಲಿಗೆ ಆ ಕೊನೆಯ ಬೋಗಿ ಆಸ್ಟ್ರೇಲಿಯಾದ ಮಾರ್ಕ್ ರೆನ್‌ಶಾ.

ಐಲ್ ಆಫ್ ಮ್ಯಾನ್‌ನಲ್ಲಿ 1985ರಲ್ಲಿ ಹುಟ್ಟಿದ ಈ ಹುಡುಗ ಮೊದಲು ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ. 2008ರಲ್ಲಿ ಶಾತೊರೂನಲ್ಲಿ ಟೂರ್‌ನ ಮೊದಲ ಗೆಲುವು, ಆ ವರ್ಷ ಒಟ್ಟು ನಾಲ್ಕು. 2009ರಲ್ಲಿ ಆರು. 2011ರಲ್ಲಿ ಐದು ಗೆಲುವಿನ ಜೊತೆ, ಹಂತಗಳಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರಿಗೆ ಸಿಗುವ ಹಸಿರು ಜೆರ್ಸಿ, ಅದೇ ವರ್ಷ ವಿಶ್ವ ಚಾಂಪಿಯನ್ ಪಟ್ಟ.

ಬೆಟ್ಟ ಮಾತ್ರ ಅವರನ್ನು ಸದಾ ಕಾಡಿತು. ಪ್ರತಿ ಹಂತಕ್ಕೂ ಸಮಯದ ಮಿತಿ ಇದೆ. ಗೆದ್ದವನಿಗಿಂತ ತೀರಾ ತಡವಾದರೆ ಟೂರ್‌ನಿಂದಲೇ ಹೊರಗೆ. 2011ರಲ್ಲಿ ಆಲ್ಪ್ಸ್‌ನಲ್ಲಿ ಎರಡು ದಿನ ಮಿತಿ ಮೀರಿದರೂ ದೊಡ್ಡ ಗುಂಪಿನ ಜೊತೆ ಇದ್ದುದರಿಂದ ಅಂಕ ಕಳೆದುಕೊಂಡು ಉಳಿದುಕೊಂಡರು. 2018ರಲ್ಲಿ ಅಂಥ ಗುಂಪು ಜೊತೆಗಿರಲಿಲ್ಲ, ಮನೆಗೆ ಹೋಗಬೇಕಾಯಿತು.

ಅಷ್ಟರಲ್ಲಾಗಲೇ ಅವರು ಕುಸಿದಿದ್ದರು. 2016ರಲ್ಲಿ ಗೆಲುವು 30ಕ್ಕೆ ಮುಟ್ಟಿತ್ತು. ಮರುವರ್ಷ ಮೈಯ ಶಕ್ತಿ ಹೀರುವ ಎಪ್‌ಸ್ಟೀನ್-ಬಾರ್ ವೈರಸ್ ಸೋಂಕು, ವಿಟೆಲ್‌ನಲ್ಲಿ ಬಿದ್ದು ಭುಜದ ಮೂಳೆ ಮುರಿತ, ಆಮೇಲೆ ಖಿನ್ನತೆ. 2019, 2020ರ ಟೂರ್‌ಗೆ ಅವರನ್ನು ತಂಡಗಳು ಆರಿಸಲೇ ಇಲ್ಲ. 2020ರ ಕೊನೆಗೆ ಟಿ.ವಿ. ಕ್ಯಾಮೆರಾ ಮುಂದೆ ಅಳುತ್ತಾ, ಇದು ನನ್ನ ಕೊನೆಯ ರೇಸ್ ಇರಬಹುದು ಎಂದಿದ್ದರು.

2021ರಲ್ಲಿ ಅವರಿಗೆ ಸ್ಥಾನ ಸಿಕ್ಕಿದ್ದೂ ಬೇರೊಬ್ಬರ ಮಂಡಿನೋವಿನಿಂದ. ತಂಡದ ಸ್ಪ್ರಿಂಟರ್ ಸ್ಯಾಮ್ ಬೆನೆಟ್ ಆಡಲಾಗದೆ, ಕೊನೆ ಗಳಿಗೆಯಲ್ಲಿ ಕ್ವಿಕ್-ಸ್ಟೆಪ್ ತಂಡ ಕ್ಯಾವೆಂಡಿಶ್‌ರನ್ನು ಕರೆಯಿತು. ಡೆನ್ಮಾರ್ಕ್‌ನ ಮೈಕಲ್ ಮೊರ್ಕೊವ್ ಲೀಡ್‌ಔಟ್‌ನಲ್ಲಿ ನಾಲ್ಕು ಗೆಲುವು ಬಂದು ಮರ್ಕ್ಸ್‌ಗೆ ಸಮನಾದರು. ಆದರೂ ಮರುವರ್ಷದ ಟೂರ್‌ಗೆ ತಂಡ ಅವರ ಬದಲು ಇನ್ನೊಬ್ಬ ಸ್ಪ್ರಿಂಟರ್ ಫಾಬಿಯೊ ಯಾಕೊಬ್‌ಸೆನ್‌ರನ್ನು ಆರಿಸಿತು. 2023ರ ಟೂರ್‌ನಲ್ಲಿ ಅಸ್ತಾನಾ ತಂಡದ ಪರ ಸವಾರಿ ಮಾಡುವಾಗ ಬಿದ್ದು ಕಾಲರ್‌ಬೋನ್ ಮುರಿದರು. ನಿವೃತ್ತಿ ಘೋಷಿಸಿದ್ದವರು ಇನ್ನೊಂದು ವರ್ಷ ಮುಂದುವರಿದರು. 2024ರ ಟೂರ್‌ನ ಮೊದಲ ದಿನ ಇಟಲಿಯ ಬಿಸಿಲಿಗೆ ವಾಂತಿಯಾಗಿ ಹಿಂದೆ ಬಿದ್ದಾಗ, ಸಹಸವಾರರು ಜೊತೆಗೇ ನಿಂತು ಸಮಯದ ಮಿತಿಯೊಳಗೆ ತಂದು ಮುಟ್ಟಿಸಿದರು. ನಾಲ್ಕು ದಿನಗಳ ನಂತರ ಬಂದದ್ದೇ 35ನೇ ಗೆಲುವು. ಆ ಟೂರ್‌ನ ಒಟ್ಟು ಸಮಯದ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ಅವರದೇ ತಂಡದ ದಾವಿದೆ ಬಲ್ಲೆರಿನಿಯದ್ದು.